ಕಾಗದದಲ್ಲಿ ಐನೂರು, ಸ್ಥಳದಲ್ಲಿ ಆರು

ಸರ್ವೇಯರ್ ಬಸವಣ್ಯಪ್ಪನವರು ಬೆಂಕಿಪೊಟ್ಟಣ ತಂದರೂ ಕಡ್ಡಿ ಎಣಿಸುತ್ತಿದ್ದರು. ಮೇಲೆ ಬರೆದಷ್ಟು ಒಳಗೆ ಇರುವುದಿಲ್ಲ ಎಂಬುದು ಅವರು ವರ್ಷಾನುಗಟ್ಟಲೆ ಊರೂರಲ್ಲಿ ಚೈನು ಎಳೆಸಿ ಕಂಡುಕೊಂಡಿದ್ದ ಸತ್ಯ. ಪಹಣಿಯಲ್ಲಿ ಎರಡು ಎಕರೆ ಇರುವ ಗದ್ದೆ ಅಳೆದಾಗ ಮೂರು ಗುಂಟೆ ಕಡಿಮೆ ಬರುವುದು, ಆಮೇಲೆ ಬದುವಿನ ಮೇಲೆ ನಿಂತು ಎರಡೂ ಕಡೆಯವರು ಬೈದಾಡುವುದು, ಅವರಿಗೆ ದಿನದ ಊಟದಷ್ಟೇ ಮಾಮೂಲು. “ಬರೆಯಾಕೆ ಏನ್ರೀ ಟೀಚರೇ, ಕೈ ಇದ್ರೆ ಸಾಕು. ಅಳೆಯಾಕೆ ಕಾಲು ಬೇಕು” ಎನ್ನುತ್ತಿದ್ದರು, ಸಂಜೆ ಜಗಲಿಯ ಮೇಲೆ ಕಾಲು ನೀವಿಕೊಳ್ಳುತ್ತ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಶಿಕಾರಿಪುರದ ಶಾಲೆಯೊಂದಕ್ಕೆ ಟೀಚರಾಗಿ ಬಂದು ಅವರ ಮನೆಯ ಎರಡು ಕೋಣೆ ಬಾಡಿಗೆ ಹಿಡಿದಿದ್ದೆ. ಜಗಲಿ ಇಬ್ಬರಿಗೂ ಒಂದೇ. ಒಂದು ಸಲ ನನ್ನ ತರಗತಿಯ ಮಕ್ಕಳ ಹಾಜರಿ ಪುಸ್ತಕ ನೋಡಿ, “ನಲವತ್ತೆರಡು ಅಂತ ಬರ್ದೀರಲ್ಲ, ತಲೆ ಎಣಿಸಿದ್ರೋ ಹೆಸರು ಎಣಿಸಿದ್ರೋ?” ಎಂದು ಕೇಳಿದ್ದರು. ನನಗೆ ಸಿಟ್ಟು ಬಂದಿತ್ತು. ಮರುದಿನ ತಲೆ ಎಣಿಸಿದೆ. ಮೂವತ್ತೊಂಬತ್ತಿತ್ತು.

ಇಂಥ ಮನುಷ್ಯನಿಗೆ ಒಬ್ಬನೇ ತಮ್ಮ, ಗದಿಗೆಪ್ಪ. ಸೊರಬದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದರು. ಅಂಜನಾಪುರದ ನಾಲೆಯ ಕೆಳಗಿದ್ದ ಗದ್ದೆ ಪಾಲಾದಾಗ, ತಾನೇ ಅಳೆಯಬಾರದೆಂದು ಬಸವಣ್ಯಪ್ಪನವರು ಕಚೇರಿಯ ಇನ್ನೊಬ್ಬ ಸರ್ವೇಯರನ್ನು ಕರೆಸಿದರಂತೆ. ಪಂಪಿನ ಮನೆ ಇದ್ದ ಪಟ್ಟಿ ಅಣ್ಣನ ಹಿಸ್ಸೆಗೆ ಬಂತು. “ಚೈನು ನಿಂದು, ಹಿಡಿದವ ನಿನ್ನ ದೋಸ್ತ. ಇನ್ನೇನು ಬರ್ತತಿ?” ಎಂದು ಹೇಳಿ ಹೋದ ತಮ್ಮ ಮೂರು ವರ್ಷ ಈ ಕಡೆ ತಲೆ ಹಾಕಲಿಲ್ಲ. ಊರಿಗೆಲ್ಲ ಗಡಿ ಗುರುತಿಸಿ ಕೊಟ್ಟವರಿಗೆ ಸ್ವಂತ ಮನೆಯದು ಹೀಗಾಯಿತು.

ಬಸವಣ್ಯಪ್ಪನವರ ಮಗ ಹಟ ಹಿಡಿದು ತರಿಸಿಕೊಂಡಿದ್ದ ಟಿವಿ ಗೇಮು, ಅವನು ಹಾಸ್ಟೆಲು ಸೇರಿದ ಮೇಲೆ ಮೂಲೆಯಲ್ಲಿತ್ತು. ಕೆಟ್ಟಿದೆಯೋ ಸರಿಯಿದೆಯೋ ನೋಡೋಣವೆಂದು ಒಂದು ಭಾನುವಾರ ಬಸವಣ್ಯಪ್ಪನವರು ಅದನ್ನು ಟಿವಿಗೆ ಸಿಕ್ಕಿಸಿದರು. ಅದರಲ್ಲೊಂದು ಟ್ಯಾಂಕಿನ ಆಟ. ಪರದೆಯ ಕೆಳಗೆ ಇಟ್ಟಿಗೆ ಗೋಡೆಯ ನಡುವೆ ಒಂದು ಗೂಡು. ಮೇಲಿನಿಂದ ನುಗ್ಗುವ ಶತ್ರು ಟ್ಯಾಂಕುಗಳಿಂದ ಅದನ್ನು ಕಾಯಬೇಕು. ಇಬ್ಬರು ಒಟ್ಟಿಗೆ ಆಡಬಹುದು. ಅದೇ ಹೊತ್ತಿಗೆ ಯಾವುದೋ ಕಾಗದಕ್ಕೆ ಸಹಿ ಹಾಕಿಸಲು ಗದಿಗೆಪ್ಪ ಬಂದರು. ಬಾಗಿಲಲ್ಲೇ ನಿಂತು ನೋಡಿದರು. ಅಣ್ಣನ ಟ್ಯಾಂಕು ಮೂರು ಸಲ ಸುಟ್ಟುಹೋಯಿತು. ತಡೆಯಲಾರದೆ ಒಳಗೆ ಬಂದು, ಚಾಪೆಯ ಮೇಲೆ ಬಿದ್ದಿದ್ದ ಎರಡನೇ ರಿಮೋಟು ಎತ್ತಿಕೊಂಡರು.

ಅಂದಿನಿಂದ ಪ್ರತಿ ಭಾನುವಾರ ಬೆಳಗಿನ ಬಸ್ಸಿಗೆ ಬಂದು ಮಧ್ಯಾಹ್ನ ಉಂಡು ಹೋಗತೊಡಗಿದರು. ಇಬ್ಬರೂ ಐವತ್ತರ ಆಸುಪಾಸಿನವರು, ಪಂಚೆ ಮಡಚಿ ಚಾಪೆಯ ಮೇಲೆ ಪಕ್ಕಪಕ್ಕ ಕೂತು ಗುಂಡು ಹಾರಿಸುತ್ತಿದ್ದರು. ಒಂದು ಮಾತೂ ಇಲ್ಲ. ಮಂಡಕ್ಕಿ ತಟ್ಟೆ ಇಟ್ಟುಹೋಗುತ್ತಿದ್ದ ಬಸವಣ್ಯಪ್ಪನವರ ಹೆಂಡತಿ ಶಾಂತಕ್ಕ ನನ್ನ ಹತ್ತಿರ, “ಮಾತಿಲ್ಲ ಕತೆಯಿಲ್ಲ. ಬರ್ತಾರಲ್ಲ, ಅಷ್ಟು ಸಾಕು ಬಿಡ್ರಿ” ಎಂದಿದ್ದರು. ನನಗೂ ಹಾಗೇ ಅನಿಸಿತ್ತು.

ಬೇಸಿಗೆಯಲ್ಲಿ, ಗೇಮಿನ ಪೆಟ್ಟಿಗೆಗೆ ಸಿಕ್ಕಿಸುವ ಆ ಆಟದ ಕ್ಯಾಸೆಟ್ಟು ಸತ್ತಿತು. ಊದಿದರು, ಸ್ಪಿರಿಟ್ಟಿನಲ್ಲಿ ಒರೆಸಿದರು, ಬಿಸಿಲಿಗಿಟ್ಟರು. ಪರದೆಯ ಮೇಲೆ ಬರೀ ಪಟ್ಟೆ. ಮುಂದಿನದನ್ನು ನೆನೆದರೆ ನನಗೆ ಈಗಲೂ ಸುಸ್ತಾಗುತ್ತದೆ.

ಬಸ್ ಸ್ಟ್ಯಾಂಡ್ ಹತ್ತಿರದ ಮಂಜಣ್ಣನ ರೇಡಿಯೋ ಅಂಗಡಿಯಲ್ಲಿ ಕ್ಯಾಸೆಟ್ಟುಗಳಿಗೇನೂ ಬರವಿರಲಿಲ್ಲ. ಒಂದರ ಮೇಲೆ ಅರವತ್ತನಾಲ್ಕು ಆಟ ಎಂದಿತ್ತು. ಇನ್ನೊಂದರ ಮೇಲೆ ಐನೂರು, ಮತ್ತೊಂದರ ಮೇಲೆ ಒಂಬತ್ತರ ಸಾಲೇ ಸಾಲು. ಸೂಪರ್ ಅಂತ ಒಂದು, ಗೋಲ್ಡ್ ಅಂತ ಒಂದು, ನ್ಯೂ ಅಂತ ಒಂದು. ಐನೂರರದ್ದಕ್ಕಿಂತ ಅರವತ್ತನಾಲ್ಕರದ್ದು ತುಟ್ಟಿ. ಹಳದಿ ಚೀಟಿಯದಕ್ಕೂ ಬಂಗಾರದ ಚೀಟಿಯದಕ್ಕೂ ಚಿತ್ರ ಒಂದೇ, ರೇಟು ಬೇರೆ. ಯಾಕೆಂದು ಕೇಳಿದರೆ ಮಂಜಣ್ಣ, “ಮೇಲೆ ಬರ್ದಿದ್ದಷ್ಟೇ ನಂಗೊತ್ತು ಸಾರ್. ಒಳಗಿಂದು ದೇವ್ರಿಗೇ ಗೊತ್ತು” ಎನ್ನುತ್ತಿದ್ದ. ಪಾಪ, ಅವನು ಸುಳ್ಳು ಹೇಳುತ್ತಿರಲಿಲ್ಲ.

ಬಸವಣ್ಯಪ್ಪನವರು ಐನೂರರದ್ದನ್ನು ತಂದು, ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು, ಮೂರು ಸಂಜೆ ಕೂತು ಒಂದೊಂದೇ ಆಟ ತೆರೆದು ತಪಾಸಣೆ ಮಾಡಿದರು. ಕೊನೆಗೆ ಕ್ಯಾಸೆಟ್ಟಿನ ಬೆನ್ನಿಗೆ ಚೀಟಿ ಅಂಟಿಸಿದರು: ‘ಕಾಗದದಲ್ಲಿ ಐನೂರು, ಸ್ಥಳದಲ್ಲಿ ಆರು.’

“ಅದು ಹೆಂಗ್ರೀ?” ಎಂದೆ.

“ಸರ್ವೆ ನಂಬರು ಒಂದೇ ಟೀಚರೇ. ಹಿಸ್ಸೆ ನಂಬರು ಬೇರೆ ಬೇರೆ ಹಾಕ್ಯಾರ. ಅದೇ ಆಟ ಎರಡನೇ ಹಂತದಿಂದ ಶುರು ಮಾಡಿದ್ರೆ ಇನ್ನೊಂದು ಆಟ ಅಂತೆ. ಒಂದೇ ಹೊಲಾನ ಇಷ್ಟು ತುಂಡು ಮಾಡಿ ಬರೆದ ಪೋಡಿ ನಾನು ನನ್ನ ಸರ್ವಿಸಿನಾಗ ಕಂಡಿಲ್ಲ.”

ಆ ಆರರಲ್ಲಿ ಟ್ಯಾಂಕೂ ಇತ್ತು. ಆದರೆ ಒಬ್ಬನೇ ಆಡುವ ಟ್ಯಾಂಕು. ಅದನ್ನು ವಾಪಸ್ ಕೊಟ್ಟು ಅರವತ್ತನಾಲ್ಕರದ್ದು ತಂದರು. ಅದರಲ್ಲಿ ಟ್ಯಾಂಕೇ ಇಲ್ಲ. ಕೆಲಸದ ಮೇಲೆ ಶಿವಮೊಗ್ಗಕ್ಕೆ ಹೋಗಿದ್ದ ನಾನು ಒಂದು ತಂದೆ. ಮೇಲೆ ಇಬ್ಬರು ರಿಮೋಟು ಹಿಡಿದು ನಗುತ್ತಿದ್ದ ಚಿತ್ರವಿತ್ತಲ್ಲ, ಅದನ್ನು ನಂಬಿದೆ. ಒಳಗೆ ಟ್ಯಾಂಕು ಒಂದೇ. ತಲೆ ಎಣಿಸದೆ ಹೆಸರು ಎಣಿಸುವ ನನ್ನ ಬುದ್ಧಿ ಹೋಗಿರಲಿಲ್ಲ. ಅದಕ್ಕೂ ಅವರು ಮುಖ ಸಣ್ಣದು ಮಾಡದೆ ಬೆನ್ನಿಗೆ ಚೀಟಿ ಅಂಟಿಸಿದರು.

ಮಂಜಣ್ಣನ ಅಂಗಡಿಯ ಮೇಲಿನ ಸಾಲಿನಲ್ಲಿ ಇನ್ನೊಂದಿತ್ತು. ಅದರ ಮೇಲೆ ಸಂಖ್ಯೆಯೇ ಇರಲಿಲ್ಲ, ಒಂದು ಟ್ಯಾಂಕಿನ ಚಿತ್ರ ಮಾತ್ರ. ಒಂದೇ ಆಟ. ರೇಟು ಮಾತ್ರ ಐನೂರರದ್ದಕ್ಕಿಂತ ಎರಡು ಪಟ್ಟು. ಬಸವಣ್ಯಪ್ಪನವರು ಅದನ್ನು ಮುಟ್ಟಲೂ ಇಲ್ಲ. “ಒಂದು ಗುಂಟೆಗೆ ಎರಡು ಎಕರೆ ರೇಟಾ? ನಾನೇನು ಹುಚ್ಚನೇನ್ರೀ?” ಎಂದರು. ಜೊತೆಗಿದ್ದ ನಾನೂ ಅವರು ಹೇಳಿದ್ದೇ ಸರಿಯೆಂದು ನಕ್ಕೆ. ವಿಸ್ತೀರ್ಣ ನೋಡಿ ಬೆಲೆ ಕಟ್ಟುವುದು ಅವರ ಮೈಯಲ್ಲಿ ಇಳಿದುಹೋಗಿತ್ತು. ನನಗೆ ಆ ನೆಪವೂ ಇಲ್ಲ.

ಈ ನಡುವೆ ಒಂದು ಭಾನುವಾರ ಗದಿಗೆಪ್ಪ ಬಂದರು. ಇದ್ದದ್ದು ನಾನು ತಂದ ಒಬ್ಬನ ಟ್ಯಾಂಕು. ಸರದಿಯಂತೆ ಆಡೋಣವೆಂದು ಇಬ್ಬರೂ ಕೂತರು. ಜಗಲಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ನನಗೆ ಎಲ್ಲ ಕೇಳಿಸುತ್ತಿತ್ತು. ಅಣ್ಣ ಆಡುವಾಗ ತಮ್ಮನ ಕೈ ಖಾಲಿ. ಕೈ ಖಾಲಿ ಇದ್ದರೆ ಬಾಯಿ ಸುಮ್ಮನಿರುತ್ತದೆಯೇ?

“ಈ ಸಲ ನಾಲೆ ನೀರು ಬೇಗ ಬಿಟ್ರಂತೆ” ಎಂದರು ಗದಿಗೆಪ್ಪ.

ಮೂರು ವರ್ಷದಲ್ಲಿ ಮೊದಲ ಮಾತು. ಒಳಗೆ ಶಾಂತಕ್ಕನ ಪಾತ್ರೆ ಸದ್ದು ನಿಂತಿತು.

“ಹ್ಞೂ, ಬಿಟ್ಟಾರ.”

“ನಿಂಗೇನಪ್ಪ, ಪಂಪಿನ ಮನೆ ನಿನ್ನ ಕಡೆ ಐತಿ.”

“ನಾನು ಅಳೆದಿದ್ದಲ್ಲ ಅದು.”

“ನೀನು ಅಳೆದಿದ್ರೆ ಇನ್ನೂ ಎರಡು ಗುಂಟೆ ಹೋಗ್ತಿತ್ತು.”

ಟಿವಿಯಲ್ಲಿ ಗೂಡು ಸಿಡಿದ ಸದ್ದು. ಆಮೇಲೆ ಇಬ್ಬರ ದನಿಯೂ ಏರಿತು. ಗದಿಗೆಪ್ಪ ಊಟಕ್ಕೆ ನಿಲ್ಲದೆ, ಚಪ್ಪಲಿ ಸರಿಯಾಗಿ ಮೆಟ್ಟಿಕೊಳ್ಳದೆ ಹೊರಟುಹೋದರು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಶಾಂತಕ್ಕ ಎರಡು ತಟ್ಟೆ ಮಂಡಕ್ಕಿ ಕಲಸಿ, ಬಸ್ಸಿನ ಹೊತ್ತು ಮೀರಿದ ಮೇಲೆ ಒಂದನ್ನು ನನಗೆ ತಂದು ಕೊಡುತ್ತಿದ್ದರು.

“ಇಬ್ರೂ ಒಟ್ಟಿಗೆ ಆಡೋ ಡಬಲ್ ಇದ್ದಿದ್ರೆ ಮಾತೇ ಬರ್ತಿರಲಿಲ್ಲ” ಎಂದರು ಬಸವಣ್ಯಪ್ಪನವರು ಒಂದು ಸಂಜೆ. ಆ ದನಿಯಲ್ಲಿದ್ದ ದಣಿವು ಯಾವ ಬಿಸಿಲಲ್ಲಿ ಅಳೆದು ಬಂದ ದಿನವೂ ಇರಲಿಲ್ಲ. ನೀವೇ ಒಂದು ಸಲ ಸೊರಬಕ್ಕೆ ಹೋಗಿಬರಬಹುದಲ್ಲ ಎಂದೆ. “ದೊಡ್ಡೋನು ನಾನು” ಎಂದಷ್ಟೇ ಹೇಳಿ ಎದ್ದು ಹೋದರು.

ಮಾರನೇ ವರ್ಷ ನನಗೆ ವರ್ಗವಾಯಿತು. ಸಾಮಾನನ್ನೆಲ್ಲ ಮುಂಚೆಯೇ ಕಳಿಸಿ, ಒಂದು ಭಾನುವಾರ ಬೆಳಿಗ್ಗೆ ಶಾಂತಕ್ಕನಿಗೆ ಹೇಳಿ ಹೊರಟೆ. ಯಜಮಾನರು ಆಗಲೇ ಎಲ್ಲಿಗೋ ಹೋಗಿದ್ದರು. ಬಸ್ ಸ್ಟ್ಯಾಂಡಿಗೆ ಬಂದರೆ ಸೊರಬದ ಬಸ್ಸು ನಿಲ್ಲುವಲ್ಲಿ ಅವರು ನಿಂತಿದ್ದಾರೆ. ಕಾಲ ಬಳಿ ಜಮಖಾನದಲ್ಲಿ ಸುತ್ತಿದ ದೊಡ್ಡ ಗಂಟು. ಕೈಚೀಲದಿಂದ ಎರಡು ರಿಮೋಟಿನ ವೈರು ಇಣುಕುತ್ತಿತ್ತು.

“ಕೊಂಡೆ ಕಣ್ರೀ ಅದನ್ನ, ಒಂದೇ ಆಟದ್ದು” ಎಂದರು ನಾಚಿಕೊಂಡು. “ರೇಟು ಕೇಳಬ್ಯಾಡ್ರಿ. ನಮ್ಮ ಮನೆಯವಳ ಕೈಗೊಂದು ರಿಮೋಟು ಕೊಟ್ಟು ತಪಾಸಣೆ ಮಾಡೀನಿ. ಡಬಲ್ ಐತಿ.”

“ಈ ಗಂಟು?”

“ಟಿವಿ.”

“ಟಿವಿ ಯಾಕೆ ಹೊತ್ತುಕೊಂಡು ಹೊರಟ್ರಿ?”

ಅವರು ಬಸ್ಸು ಬರುವ ದಾರಿಯ ಕಡೆ ನೋಡಿದರು. “ಅವನ ಮನ್ಯಾಗ ಟಿವಿ ಐತೋ ಇಲ್ಲೋ ನಂಗೆ ಗೊತ್ತಿಲ್ರೀ. ಆ ಮನಿ ಕಟ್ಟಿಸಿ ನಾಲ್ಕು ವರ್ಷ ಆತು. ನಾನು ಹೊಸ್ತಿಲು ತುಳಿದಿಲ್ಲ.”

ಬಸ್ಸು ಬಂತು. ಕಂಡಕ್ಟರು ಮೇಲೆ ಹಾಕಿ ಎಂದ, ಇವರು ಒಪ್ಪಲಿಲ್ಲ. ಮುಂದಿನ ಸೀಟಿನಲ್ಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಲ್ಲಿ ತಬ್ಬಿ ಕೂತರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಕೆಲವು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಬಂದಾಗ ಹೋಗಲಾಗಲಿಲ್ಲ. ಆ ಕೊರಗು ಇನ್ನೂ ಇದೆ.

ಆದರೆ ಆ ಭಾನುವಾರ ಕಳೆದು ಎರಡು ತಿಂಗಳಿಗೆ ಶಾಂತಕ್ಕನ ಕಾಗದ ಬಂದಿತ್ತು. ಮಳೆ, ಬೆಳೆ, ನನ್ನ ಕೋಣೆಗೆ ಬಂದ ಹೊಸ ಬಾಡಿಗೆಯವರು, ಎಲ್ಲದರ ಸುದ್ದಿ ಬರೆದು ಕೊನೆಗೆ ಹೀಗೆ ಬರೆದಿದ್ದರು: “ಇವರು ಈಗ ಪ್ರತಿ ಭಾನುವಾರ ಸೊರಬಕ್ಕೆ ಹೋಗ್ತಾರೆ. ಅವತ್ತು ಟಿವಿ ಅಲ್ಲೇ ಬಿಟ್ಟು ಬಂದವರು ಇನ್ನೂ ತಂದಿಲ್ಲ. ಕೇಳಿದ್ರೆ, ಇರಲಿ ಬಿಡು ಅಂತಾರೆ. ನಾನೂ ಕೇಳೋದು ಬಿಟ್ಟೀನಿ.”