ಚೇಳುಮೀನಿನ ಬಿಂದಿಗೆ

ಬೇಸಿಗೆ ರಜೆ ಬಂತೆಂದರೆ ಆಗ ಕೊಳ್ಳೇಗಾಲದ ನಮ್ಮ ಬೀದಿಯ ಮಕ್ಕಳಿಗೆ ಎರಡೇ ಕೆಲಸ. ಬೆಳಗ್ಗೆ ಮಗ್ಗದ ಲಾಳಿಗೆ ರೇಷ್ಮೆ ಎಳೆಯ ಕಂಡಿಕೆ ಸುತ್ತುವುದು, ಮಧ್ಯಾಹ್ನ ಕೆರೆ ಏರಿಯ ಮೇಲೆ ಕುಂಟೆಬಿಲ್ಲೆ ಆಡುವುದು. ಮನೆಯೊಳಗೆ ರೇಷ್ಮೆ ಬೇಯಿಸಿದ ಸೋಪಿನ ನೀರಿನ ವಾಸನೆ, ಹೊರಗೆ ಬತ್ತುವ ಕೆರೆಯ ಕೆಸರಿನ ವಾಸನೆ. ಇಂಥವು ನಿಮ್ಮ ಮೂಗಿನಲ್ಲೂ ಒಂದೆರಡು ಉಳಿದಿರಬೇಕು.

ನನ್ನ ಜೊತೆ ಕಂಡಿಕೆ ಸುತ್ತುತ್ತಿದ್ದವಳು ಮಾದೇವಿ. ಅವಳಪ್ಪ ಕೆರೆಯಲ್ಲಿ ಮೀನು ಹಿಡಿಯುವವನು. ನಮ್ಮದು ಮೀನು ಮಾಂಸ ಮುಟ್ಟದ ಮನೆ. ಆದರೂ ಅವಳ ಬೆರಳಲ್ಲಿ ಎಳೆ ಕಡಿಯುವುದಿಲ್ಲ ಅಂತ ಅಪ್ಪ ಬರಗೊಟ್ಟಿದ್ದರು. ಅಜ್ಜಿ ಮಾತ್ರ ಅವಳು ಮನೆಗೆ ಹೊರಟು ಬೀದಿ ದಾಟುವ ಮೊದಲೇ, ಅವಳಿಗೆ ಕಾಣುವ ಹಾಗೆ, ಜಗುಲಿಗೆ ನೀರು ಚಿಮುಕಿಸುತ್ತಿದ್ದರು.

ಆ ವರ್ಷ ಅಮ್ಮ ಬಸುರಿ. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಸೋಮವಾರ ಒಂದು ಜೀವವನ್ನು ಉಳಿಸಿ ಶಿವನ ದೇವಸ್ಥಾನದ ಕಲ್ಯಾಣಿಗೆ ಬಿಡುತ್ತೇನೆಂದು ಅಜ್ಜಿ ಹರಕೆ ಹೊತ್ತರು. ಮೀನು ತರಲು ಮಾದೇವಿಗೇ ಹೇಳಿದರು. ಆ ಕೆಲಸಕ್ಕೆ ಅವಳ ಕೈ ಮೈಲಿಗೆಯಾಗಲಿಲ್ಲ.

ಭಾನುವಾರ ಮಧ್ಯಾಹ್ನ ಅವಳು ತಂದದ್ದು ಚೇಳುಮೀನು. ಗೇಣುದ್ದ, ಚಿಪ್ಪಿಲ್ಲದ ಕೆಂಗಪ್ಪು ಮೈ, ಚಪ್ಪಟೆ ತಲೆ, ಬಾಯಿಯ ಸುತ್ತ ಎಂಟು ಮೀಸೆ. ತಲೆಯ ಹಿಂದಿನ ಎರಡು ರೆಕ್ಕೆಯಲ್ಲೂ ವಿಷದ ಮುಳ್ಳು. ಅದು ಚುಚ್ಚಿ ಮಾದೇವಿಯ ಹೆಬ್ಬೆರಳು ಊದಿಕೊಂಡಿತ್ತು. ನಾನು ಹಿತ್ತಾಳೆ ಬಿಂದಿಗೆ ತಂದು ಕಂಠದವರೆಗೆ ನೀರು ತುಂಬಿಸಿ, ಅರಿಶಿನ ಕುಂಕುಮ ಇಟ್ಟೆ.

"ಅದು ತಳದ ಕೆಸರ್ನಾಗೇ ಇರದು ಕಣಮ್ಮಿ. ಆದ್ರೂವೆ ಗಳಿಗ್ಗೊಂದ್ಸಲ ಮ್ಯಾಕ್ ಬಂದು ಗಾಳಿ ಕುಡೀತದೆ. ಅರ್ಧ ನೀರು ಚೆಲ್ಲು, ಮುಚ್ಬ್ಯಾಡ," ಎಂದಳು ಮಾದೇವಿ.

"ಮೀನು ನೀರಲ್ ಮುಳುಗಿ ಸಾಯ್ತದಾ? ನಿಮ್ಗೆ ಗೊತ್ತಿರದು ಉರ್ಕಂಡ್ ತಿನ್ನದು ಅಷ್ಟೇಯ."

ಅವಳು ಮನೆಗೆ ಹೋದಳು. ಬೆಕ್ಕು ಬಾಯಿ ಹಾಕೀತೆಂದು ನಾನು ನೀರು ಚೆಲ್ಲದೆಯೇ ಬಿಂದಿಗೆಯ ಬಾಯಿಗೆ ತಟ್ಟೆ ಮುಚ್ಚಿ, ಮೇಲೆ ಗುಂಡುಕಲ್ಲು ಹೇರಿದೆ.

ಬೆಳಗ್ಗೆ ಅಜ್ಜಿ ಮಡಿಯುಟ್ಟು ತಟ್ಟೆ ತೆಗೆದರೆ ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಒಳಕೋಣೆಯಲ್ಲಿ ಅಮ್ಮ ಅಳತೊಡಗಿದಳು. ಅಜ್ಜಿ ನನ್ನ ಕಡೆ ತಿರುಗಿದರು. ನನಗೆ ಒಂಬತ್ತು ವರ್ಷ. ಯೋಚಿಸಲೇ ಇಲ್ಲ.

"ಮಾದೇವಿ ಸಾಯೋ ಮೀನ್ನೇ ತಂದ್ಕೊಟ್ಲು ಕಣಜ್ಜಿ. ಅಮ್ಮಂಗೆ ಮಗು ನಿಲ್ಬಾರ್ದು ಅಂತವ."

ಅಜ್ಜಿ ಅವಳಪ್ಪನನ್ನು ಕರೆಸಿದರು. ಅವನು ಒಂದು ಮಾತೂ ಕೇಳದೆ ಬಲೆಯ ಹಗ್ಗದಿಂದ ನಮ್ಮ ಜಗುಲಿಯ ಮುಂದೆಯೇ ಮಗಳಿಗೆ ಬಾರಿಸಿದ. ಅವಳು ಊದಿದ ಕೈಯನ್ನು ಎದೆಗವಚಿಕೊಂಡು ಬಿಂದಿಗೆ ನೋಡಿದಳು, ಕಲ್ಲು ನೋಡಿದಳು, ಆಮೇಲೆ ನನ್ನನ್ನು. ಅವಳಿಗೆ ಎಲ್ಲ ತಿಳಿಯಿತು. ಬಾಯಿ ಬಿಡಲಿಲ್ಲ. ಸಾಕು ಅಂತ ನಮ್ಮ ಮನೆಯವರು ಯಾರೂ ಅನ್ನಲಿಲ್ಲ. ನಾನು ಹುರಿಗಡಲೆ ಬೆಲ್ಲ ತಿನ್ನುತ್ತಾ ಕಂಬಕ್ಕೊರಗಿ ನಿಂತಿದ್ದೆ.

ಕಾರ್ತಿಕದಲ್ಲಿ ತಮ್ಮ ಹುಟ್ಟಿದ, ಗುಂಡಗೆ, ಆರೋಗ್ಯವಾಗಿ. ಹರಕೆ ಕೆಟ್ಟರೂ ಶಿವ ಕೈಬಿಡಲಿಲ್ಲ. ಇವತ್ತಿಗೂ ದೀಪ ಹಚ್ಚುವಾಗ ಅವನ ಉಪಕಾರಗಳಲ್ಲಿ ಅದನ್ನೇ ಮೊದಲು ಎಣಿಸುತ್ತೇನೆ. ಮಗು ಉಳಿದ ಮೇಲಾದರೂ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಮಾದೇವಿಯನ್ನು ಯಾರೂ ಮತ್ತೆ ಕರೆಯಲಿಲ್ಲ.

ಹೋದ ವರ್ಷ ಯಳಂದೂರು ಬಸ್‌ಸ್ಟ್ಯಾಂಡಿನಲ್ಲಿ ಅವಳೇ ಗುರುತು ಹಿಡಿದಳು. ತಲೆ ನರೆತಿತ್ತು. ಕೆರೆಯಲ್ಲಿ ಈಗ ಚೇಳುಮೀನು ಸಿಗುವುದೇ ಅಪರೂಪವೆಂದಳು. ಆಮೇಲೆ ತಮ್ಮನನ್ನು ವಿಚಾರಿಸಿದಳು. ಮದುವೆಯಾಗಿ ಚೆನ್ನಾಗಿದ್ದಾನೆ ಎಂದೆ.

"ಅಷ್ಟು ಸಾಕು ಬುಡಿ ಅಮ್ಮಾವ್ರೆ. ಅವತ್ತು ಏಟು ತಿಂದೋಳು ಸೀದಾ ಗುಡಿಗೋಗಿ ಮಾದಪ್ಪಂಗೆ ಅರಕೆ ಕಟ್ಕಂಡಿದ್ದೆ, ಆ ಮಗೀಗೇನೂ ಆಗ್ದಿರ್ಲಿ ಅಂತ."

ಬಸ್ಸು ಬಂತು. ಹತ್ತಿ ಕೂತೆ. ಕಿಟಕಿಯಿಂದಾದರೂ ತಪ್ಪಾಯಿತು ಅನ್ನಬಹುದಿತ್ತು. ನನ್ನನ್ನು ಅಮ್ಮಿ ಎಂದು ಕರೆಯುತ್ತಿದ್ದವಳು ಕೆಳಗೆ ನಿಂತು ಕೈಮುಗಿದಳು. ನಾನೂ ಮುಗಿದೆ.