ಎಡಕ್ಕೆ ವಾಲಿದ ಬೊಟ್ಟು

ಮೇಡಂ ಅವರ ಹಣೆಯ ಬೊಟ್ಟು ಒಂದು ದಿನವೂ ನಡುವೆ ಕೂತದ್ದನ್ನು ನಾನು ಕಾಣೆ. ಎಡ ಹುಬ್ಬಿನ ಕಡೆಗೆ ಒಂದು ತೊಗರಿಕಾಳಿನಷ್ಟು ವಾಲಿರುತ್ತಿತ್ತು. ವರ್ತೂರಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಬರುವ ಕಂಪನಿ ಬಸ್ಸಿನಲ್ಲಿ, ಕನ್ನಡಿಯಿಲ್ಲದೆ, ಚೀಲದಿಂದ ಪುಟ್ಟ ಡಬ್ಬಿ ತೆಗೆದು ಇಟ್ಟುಕೊಳ್ಳುತ್ತಿದ್ದರು. ರಸ್ತೆಯ ಗುಂಡಿಗಳನ್ನೆಲ್ಲ ಮುಚ್ಚಿದ ವರ್ಷವೂ ಬೊಟ್ಟು ನೆಟ್ಟಗಾಗಲಿಲ್ಲ. ಆದ್ದರಿಂದ ರಸ್ತೆಯನ್ನು ಮಾತ್ರ ದೂರುವಂತಿಲ್ಲ.

ಅವರು ನಮ್ಮ ಪ್ರಯೋಗಾಲಯದ ಹಿರಿಯ ವಿಜ್ಞಾನಿ. ನಾನು ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಿಂದ ನಿವೃತ್ತನಾಗಿ ಅಲ್ಲಿ ಗುತ್ತಿಗೆಯ ಮೇಲೆ ಸೇರಿದ್ದ ಸಹಾಯಕ. ಗಾಜು ತೊಳೆಯುವುದು, ಮೇಜು ಒರೆಸುವುದು, ಮಡಿ ಕಾಯುವುದು. ಮಡಿ ಎಂದದ್ದು ತಮಾಷೆಗಲ್ಲ. ಆರ್‌ಎನ್‌ಎ ಎಂಬುದು ಬರಿ ಬೆರಳು ತಾಗಿದರೂ ಚೂರಾಗುವ ವಸ್ತು. ಅದರ ಮುಂದೆ ನಮ್ಮಜ್ಜಿಯ ಮಡಿ ಏನೇನೂ ಅಲ್ಲ. ಎಲ್ಲಕ್ಕೂ ಕೈಗವಸು, ಎಲ್ಲಕ್ಕೂ ಸ್ಪಿರಿಟ್.

"ಇಷ್ಟೊಂದು ಜೋಪಾನ ಮಾಡ್ತೀರಲ್ಲ, ಅದರಲ್ಲಿ ಏನಿದೆ ಮೇಡಂ?" ಎಂದು ಒಮ್ಮೆ ಕೇಳಿದೆ.

"ಚೀಟಿ ಕಣಣ್ಣ. ಜೀನು ಅಂದ್ರೆ ಬೀರುನಲ್ಲಿರೋ ಮೂಲ ಪತ್ರ, ಅದು ಹೊರಗೆ ಬರಲ್ಲ. ಅದನ್ನ ನೋಡಿ ಬರ್ಕೊಂಡ ಚೀಟಿ ಈ ಆರ್‌ಎನ್‌ಎ. ಚೀಟಿ ಇರೋವರೆಗೂ ಜೀವಕೋಶ ಅದರಲ್ಲಿ ಬರೆದಿರೋ ಪ್ರೋಟೀನ್ ಮಾಡ್ತಾನೇ ಇರುತ್ತೆ."

"ನೀವು ಓದೋದು ಆ ಚೀಟೀನಾ?"

"ಚೀಟಿ ಮೇಲಿನ ಬೊಟ್ಟು! ನಮ್ಮಮ್ಮ ಉಪ್ಪಿನಕಾಯಿ ಜಾಡಿಗಳ ಸಾಲಲ್ಲಿ ಒಂದಕ್ಕೆ ಸುಣ್ಣದ ಬೊಟ್ಟು ಇಡೋರು. ಒಳಗಿರೋದು ಅದೇ ಮಾವಿನಕಾಯಿ. ಆದ್ರೆ ಬೊಟ್ಟಿರೋ ಜಾಡಿ ಮೊದಲು ಖಾಲಿಯಾಗ್ಬೇಕು. ಇಲ್ಲೂ ಅಷ್ಟೇ. ಒಂದು ಅಕ್ಷರದ ಮೇಲೆ ಸಣ್ಣದೊಂದು ಮೀಥೈಲ್ ಬೊಟ್ಟು. ಅಕ್ಷರ ಅದೇ. ಆದ್ರೆ ಬೊಟ್ಟು ನೋಡಿ ಜೀವಕೋಶ ಕೆಲವು ಚೀಟಿ ಬೇಗ ಹರಿದು ಹಾಕುತ್ತೆ, ಕೆಲವನ್ನ ಜಾಸ್ತಿ ಓದುತ್ತೆ. ಬೊಟ್ಟು ಇಡೋ ಪ್ರೋಟೀನ್ ಬೇರೆ, ಓದೋದು ಬೇರೆ, ಅಳಿಸೋದು ಬೇರೆ."

ತಮ್ಮ ಯಜಮಾನರು ತೀರಿಕೊಂಡ ಮೇಲೆ ಮೇಡಂ ಮತ್ತೆ ಕೆಲಸಕ್ಕೆ ಬಂದ ದಿನ, ಹಳೇ ಕಾಲದ ನನ್ನ ಕಣ್ಣು ನೇರ ಹಣೆಗೇ ಹೋಯಿತು. ಬೊಟ್ಟು ಇತ್ತು, ಎಡಕ್ಕೇ. ನಾನು ನೋಡಿದ್ದನ್ನು ಅವರು ನೋಡಿದರು. ತೊಳೆದಿಟ್ಟ ಬೀಕರನ್ನೇ ನಾನು ಮತ್ತೆ ತೊಳೆದೆ.

ಅದೇ ತಿಂಗಳು ಯಾರೋ ದೊಡ್ಡವರು ಲ್ಯಾಬ್ ನೋಡಲು ಬರುವವರಿದ್ದರು. ಐಸ್ ಪೆಟ್ಟಿಗೆಯಲ್ಲಿ ಇಪ್ಪತ್ತು ಪುಟ್ಟ ಕೊಳವೆಗಳಿದ್ದವು. ಹತ್ತರ ಮುಚ್ಚಳದ ಮೇಲೆ ಹಸಿರು ಮಸಿಯ ಕಲೆ. ಪರಮ ಮಡಿವಂತನಾದ ನಾನು ಸ್ಪಿರಿಟ್ ಬಟ್ಟೆಯಿಂದ ಚೊಕ್ಕವಾಗಿ ಒರೆಸಿದೆ. ಕಲೆಯಲ್ಲ ಅದು. ಬೊಟ್ಟು ಅಳಿಸುವ ಪ್ರೋಟೀನ್ ಇಲ್ಲದ ಜೀವಕೋಶಗಳ ಆರ್‌ಎನ್‌ಎ ಯಾವುದು, ಇರುವವುಗಳದ್ದು ಯಾವುದು ಎಂದು ತಿಳಿಯಲಿಕ್ಕಿದ್ದ ಒಂದೇ ಗುರುತು. ನೋಡಲು ಇಪ್ಪತ್ತೂ ನೀರಿನಂತೆಯೇ. ತಿಂಗಳುಗಟ್ಟಲೆ ಮಾಡಿದ ಕೆಲಸ.

ಮೇಡಂ ಪೆಟ್ಟಿಗೆ ನೋಡಿದರು, ನನ್ನ ಕೈಯ ಬಟ್ಟೆ ನೋಡಿದರು, ಸ್ಟೂಲಿನ ಮೇಲೆ ಕುಸಿದು ಕೂತರು.

"ಅಣ್ಣಾ, ನನ್ನ ಹಣೇದು ಒಂದನ್ನ ಅಳಿಸೋಕೆ ನೆಂಟರೆಲ್ಲ ಸೇರಿದ್ರೂ ಆಗಲಿಲ್ಲ. ನೀವು ಒಬ್ರೇ ಹತ್ತು ಅಳಿಸಿಬಿಟ್ರಲ್ಲ!"

ನಗುತ್ತಿದ್ದರೋ ಅಳುತ್ತಿದ್ದರೋ, ಇವತ್ತಿಗೂ ತಿಳಿಯದು.

ಆ ವಾರವೇ ನನ್ನ ಗುತ್ತಿಗೆ ಮುಗಿಯುವುದಿತ್ತು; ಮುಂದುವರಿಸುವುದು ಬಿಡುವುದು ನಿರ್ದೇಶಕರ ಕೈಲಿ. ಇಬ್ಬರನ್ನೂ ಕರೆಸಿ ಗುಡುಗಿದರು. ನಾನು ಬಾಯಿ ತೆರೆಯುವ ಮೊದಲೇ ಮೇಡಂ, "ಗುರುತು ಅಳಿಸದ ಹಾಗೆ ಹಾಕ್ಬೇಕಾಗಿದ್ದು ನಾನು ಸಾರ್. ತಪ್ಪು ನಂದು" ಎಂದರು. ನನ್ನ ಕೆಲಸ ಉಳಿಯಿತು. ಅವರು ಜೀವಕೋಶ ಬೆಳೆಸುವಲ್ಲಿಂದ ಮತ್ತೆ ಶುರುಮಾಡಿದರು. ಹೊಸ ಕೊಳವೆಗಳ ಬದಿಗೆ ಪೆನ್ಸಿಲ್ಲಿನಲ್ಲಿ ಅಂಕಿ ಬರೆದು ನನಗೆ ತೋರಿಸಿ, "ಇದು ನಿಮ್ಮ ಸ್ಪಿರಿಟ್‌ಗೆ ಬಗ್ಗಲ್ಲ, ಹೋಗಿ" ಎಂದರು.

ಕಳೆದ ವರ್ಷ ಮೇಡಂ ಹೋದರು. ವರ್ತೂರಿನ ಮನೆಯಲ್ಲಿ ಮಲಗಿಸಿದ್ದರು. ಹಣೆ ಬರಿದಾಗಿತ್ತು. ಮಗಳು ಕುಂಕುಮದ ಭರಣಿ ಹಿಡಿದು ನಿಂತಿದ್ದಳು. ನೆಂಟರ ಪೈಕಿ ಹಿರಿಯರೊಬ್ಬರು, "ಅಂಗೆಲ್ಲ ಇಕ್ಬಾರ್ದು ಕಣಮ್ಮ, ಬುಡು" ಎಂದರು. ಅವರಷ್ಟು ನೆರೆತ ತಲೆ ಅಲ್ಲಿ ನನ್ನದೊಂದೇ. ಹುಡುಗಿ ನನ್ನತ್ತ ನೋಡಿದಳು. ಶಾಸ್ತ್ರದ ವಿಷಯದಲ್ಲಿ ಜೀವಮಾನದಲ್ಲಿ ಎದುರಾಡಿದವನಲ್ಲ ನಾನು.

"ಇಡಮ್ಮ" ಎಂದೆ.

ಅವಳು ಬೆರಳನ್ನು ಹಣೆಯ ನಟ್ಟನಡುವೆ ತಂದಳು.

"ಅಲ್ಲಲ್ಲ," ಎಂದೆ. "ಸ್ವಲ್ಪ ಎಡಕ್ಕೆ."