ಏಳನೇ ಕ್ಲಾಸಿನ ಆರತಿ

ಮೊನ್ನೆ ದೇವರ ಗೂಡು ಒರೆಸುವಾಗ, ಹಿಂದೆ ಸೇರಿಕೊಂಡಿದ್ದ ನನ್ನ ಹಳೆಯ ಕುಂಕುಮದ ಭರಣಿ ಕೈಗೆ ಸಿಕ್ಕಿತು. ಮುಚ್ಚಳ ತಿರುಗಿಸಿದರೆ ಅದೇ ವಾಸನೆ. ಒಳಗೆ ಕುಂಕುಮ ಇರಲಿಲ್ಲ. ಇಪ್ಪತ್ತು ಮುಖದ ಒಂದು ನೀಲಿ ದಾಳ ಇತ್ತು. ಅದರ ಅಂಕಿಗಳ ಗೀರಿನೊಳಗೆ ಮಾತ್ರ ಕೆಂಪು ಇನ್ನೂ ಉಳಿದಿತ್ತು...

ಮಕ್ಕಳೇ, ನಾಲ್ಕು ಜನರ ಮುಂದೆ ನನಗೆ ಮಾತು ಬರುವುದಿಲ್ಲ ಎನ್ನುವುದು ನಿಮಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಹೋದ ಭಾನುವಾರ ಶಿವಮೊಗ್ಗದ ಈ ರವೀಂದ್ರನಗರದ ಮನೆಯ ಹಾಲಿನಲ್ಲಿ ನೀವು ಅಕ್ಕ ತಮ್ಮ ಇಬ್ಬರೂ ಸ್ನೇಹಿತರನ್ನು ಕೂರಿಸಿಕೊಂಡು ನಿಮ್ಮ ಕಥೆಯಾಟದ ನಿಯಮ ತಿದ್ದುತ್ತಿದ್ದಿರಿ. ನಾನು ಒಳಗೆ ಅವರೆಕಾಳು ಹಿಸುಕುತ್ತಿದ್ದೆ.

"ಏಳನೇ ಕ್ಲಾಸು ಸಿಕ್ಕಾಪಟ್ಟೆ ಸ್ಟ್ರಾಂಗ್ ಆಯ್ತು ಕಣೋ. ಆ ಆರತಿಗೆ ಕೊಡೋ ಎರಡು ಪಾಯಿಂಟ್ ತೆಗೆದ್ಹಾಕು, ಬ್ಯಾಲೆನ್ಸೇ ಇಲ್ಲ," ಎಂದೆ ನೀನು, ದೊಡ್ಡವಳೇ.

"ಯಾರು ಹಾಕಿದ್ದೋ ಏನೋ, ತಲೆಬುಡ ಇಲ್ಲ," ಎಂದ ನಿನ್ನ ತಮ್ಮ.

ಯಾರು ಹಾಕಿದ್ದೆಂದು ಹೇಳುತ್ತೇನೆ, ಕೇಳಿ.

ಆಗ ನಾವೆಲ್ಲ ಭದ್ರಾವತಿಯ ಜನ್ನಾಪುರದಲ್ಲಿ ಬಾಡಿಗೆಗಿದ್ದೆವು. ಮಹಡಿಯ ಮೇಲಿನ ಒಂದೇ ಕೋಣೆಯಲ್ಲಿ ಟ್ಯೂಷನ್ ಟೀಚರ್ ಒಬ್ಬರಿದ್ದರು. ಮನೆಮಾತು ತಮಿಳು, ಅಲ್ಲಿನ ಕಬ್ಬಿಣದ ಕಾರ್ಖಾನೆ ಕಡೆ ಹುಟ್ಟಿ ಬೆಳೆದವರು. ನನಗಿಂತ ಬಹಳ ಚಿಕ್ಕವರು. ಆದರೂ ನಾನು ಟೀಚರ್ ಎಂದೇ ಕರೆಯುತ್ತಿದ್ದೆ, ಅವರು ನನ್ನನ್ನು ಅಮ್ಮಾ ಎನ್ನುತ್ತಿದ್ದರು. ಭಾನುವಾರ ಪಾಠದ ಬದಲು ಆಟ. ಟೀಚರ್ ಕಥೆ ಹೇಳುವರು, ಮಕ್ಕಳೇ ಕಥೆಯೊಳಗಿನ ಜನ. ಒಬ್ಬಳು ಕತ್ತಿ ಹಿಡಿದವಳು, ಒಬ್ಬಳು ಮಂತ್ರಗಾತಿ, ಒಬ್ಬ ಕಳ್ಳ. ಗುಹೆಯಲ್ಲಿ ರಾಕ್ಷಸ ಎದುರಾದ, ಈಗ ಏನು ಮಾಡುತ್ತೀರಿ ಎಂದು ಟೀಚರ್ ಕೇಳುವರು. ಮಾಡಿದ್ದು ಫಲಿಸಿತೋ ಇಲ್ಲವೋ ದಾಳ ಹೇಳುತ್ತಿತ್ತು. ದೊಡ್ಡ ಅಂಕಿ ಬಿದ್ದರೆ ಗೆಲುವು. ನೀವು ಇಂದಿಗೂ ಆಡುವುದು ಅವರು ಕಲಿಸಿದ ಆಟವನ್ನೇ.

ನಿಮ್ಮ ತಾತ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಯಾರ ಮನೆಯಲ್ಲಿ ಶುಭಕಾರ್ಯವಾದರೂ ನಾನು ಅಡುಗೆಮನೆಯ ಬಾಗಿಲಿನಿಂದ ಈಚೆಗೆ ಬರುತ್ತಿರಲಿಲ್ಲ. ಬಾ ಎಂದವರೂ ಇಲ್ಲ. ಒಂದು ಭಾನುವಾರ ಆಟಕ್ಕೆ ಒಬ್ಬರು ಕಡಿಮೆಯಾದರು. ಒಣಗಿದ ಬಟ್ಟೆ ತೆಗೆಯಲು ಮೇಲೆ ಹೋದ ನನ್ನನ್ನು ಟೀಚರ್ ಹಿಡಿದು ಕೂರಿಸಿಯೇ ಬಿಟ್ಟರು.

"ಅಮ್ಮಾ, ನಿಮ್ದು ಯಾವ ಕ್ಲಾಸು?"

ನನಗೆ ಮುಖವೆಲ್ಲ ಬಿಸಿಯಾಯಿತು. ನಮ್ಮೂರ ಶಾಲೆ ಏಳಕ್ಕೇ ಮುಗಿಯುತ್ತಿತ್ತು. ಸೆರಗು ನೋಡುತ್ತಾ, "ಏಳನೇ ಕ್ಲಾಸು," ಎಂದೆ. "ಪಾಸಾಗಿದೀನಿ."

ಮಕ್ಕಳು ಬಿದ್ದು ಬಿದ್ದು ನಕ್ಕರು. ಆಟದಲ್ಲಿ ಕ್ಲಾಸು ಎಂದರೆ ಕತ್ತಿಯವಳು, ಮಂತ್ರಗಾತಿ ಎನ್ನುವ ಬಗೆ. ನನಗೇನು ಗೊತ್ತು? ಟೀಚರ್ ನಗಲಿಲ್ಲ. ದಾಳವನ್ನು ಅಂಗೈಯಲ್ಲಿ ಉರುಳಿಸುತ್ತಾ ಯೋಚಿಸಿದರು.

"ಸರಿ. ಇವತ್ತಿಂದ ಏಳನೇ ಕ್ಲಾಸು ಅಂತಾನೂ ಒಂದು ಕ್ಲಾಸು. ಅಮ್ಮನಿಗೆ ಕತ್ತಿ ಇಲ್ಲ, ಮಂತ್ರ ಇಲ್ಲ. ಗುಹೆಗೆ ಹೋಗೋ ಮುಂಚೆ ಎಲ್ಲರಿಗೂ ಆರತಿ ಎತ್ತುತ್ತಾರೆ. ಆಮೇಲೆ ಯಾರಾದ್ರೂ ಬಿದ್ರೆ, ಅವರು ಇನ್ನೊಂದ್ಸಲ ದಾಳ ಹಾಕ್ಬಹುದು."

ಹಪ್ಪಳ ಒಣಹಾಕಲು ಬಂದ ಓನರಮ್ಮ ಅಲ್ಲೇ ನಿಂತಿದ್ದರು. "ಅಯ್ಯೋ ಮಾರಾಯ್ತಿ, ಆಟ ಆದ್ರೂ ಒಂದು ಶಾಸ್ತ್ರ ಬೇಡ್ವಾ? ಆರತಿ ಮುತ್ತೈದೇರು ಎತ್ಬೇಕು. ಹೋಗಿ ಹೋಗಿ ಇವರ ಕೈಲಿ ಎತ್ತಿಸ್ತೀಯಲ್ಲ!"

ನಾನು ಬಟ್ಟೆ ಬಾಚಿಕೊಂಡು ಎದ್ದೆ. ಮಂತ್ರಗಾತಿಯಾಗಿದ್ದ ಪಕ್ಕದ ಮನೆಯ ಹುಡುಗಿ ಲೆಕ್ಕದಲ್ಲಿ ಬಲು ಚುರುಕು. "ಹಂಗಾದ್ರೆ ಅಜ್ಜಿ ಆರತಿ ಎತ್ತಿದ್ರೆ ದಾಳದಲ್ಲಿ ಎರಡು ಕಳೀಬೇಕು, ಅಲ್ವಾ ಟೀಚರ್?" ಎಂದಳು. ಮಗುವಿನ ತಪ್ಪಲ್ಲ. ದೊಡ್ಡವರು ಹೇಳಿದ್ದಕ್ಕೆ ಅವಳು ಅಂಕಿ ಹಾಕಿದಳು, ಅಷ್ಟೆ. ಆದರೆ ಅದನ್ನು ಅಂಕಿಯಲ್ಲಿ ಕೇಳಿದ ಮೇಲೆಯೇ ನನಗೆ ಸಿಟ್ಟು ಬಂದದ್ದು. ಅಷ್ಟು ದಿನ ಬಾಗಿಲ ಹಿಂದೆ ನಿಂತಾಗಲೂ ಬಾರದಿದ್ದ ಸಿಟ್ಟು...

ಟೀಚರ್ ದಾಳವನ್ನು ನೆಲಕ್ಕೆ ಕುಟ್ಟಿದರು. "ಕಳೆಯೋದಲ್ಲ ಕಣೇ, ಕೂಡು! ಯಾರನ್ನಾದ್ರೂ ಕಳ್ಕೊಂಡೋರು ಎತ್ತಿದ್ರೆ ಎರಡು ಜಾಸ್ತಿ. ಹೋದೋರು ವಾಪಸ್ ಬರ್ಲಿ ಅಂತ ಅವರಷ್ಟು ಗಟ್ಟಿಯಾಗಿ ಬೇರೆ ಯಾರು ಕೇಳ್ಕೋತಾರೆ?"

ಆಮೇಲೆ ಓನರಮ್ಮನ ಕಡೆ ತಿರುಗಿ, "ಕೋಣೆ ನಿಮ್ದು, ಬಾಡಿಗೆ ಕೊಡ್ತೀನಿ. ಆಟದ ರೂಲ್ಸು ನಂದು," ಎಂದರು.

ಅಂದು ಗುಹೆಯಲ್ಲಿ ಕತ್ತಿಯವಳು ಬಿದ್ದಳು. ಇನ್ನೊಂದು ಸಲ ದಾಳ ಹಾಕಿದಳು. ಗೆಲ್ಲಲು ಸ್ವಲ್ಪ ಸಾಲದೆ ಹೋಯಿತು. ನನ್ನ ಎರಡು ಕೂಡಿದಾಗ ಎದ್ದು ನಿಂತಳು. ಮಕ್ಕಳು ಕಿರುಚಿದ ಸದ್ದು ಬಸ್ ಸ್ಟಾಪಿನವರೆಗೆ ಕೇಳಿರಬೇಕು. ಆ ಕತ್ತಿಯವಳು ಯಾರು ಗೊತ್ತೇ? ದೊಡ್ಡವಳೇ, ನೀನೇ. ಆಗ ತೀರಾ ಚಿಕ್ಕವಳು, ಮರೆತಿರಬೇಕು. ಓಡಿ ಬಂದು ನನ್ನ ಕುತ್ತಿಗೆಗೆ ಜೋತುಬಿದ್ದಿದ್ದೆ.

ಮುಂದೆ ದಾಳದ ಅಂಕಿಗಳು ಮಾಸಿದಾಗ, ನನ್ನ ಭರಣಿಯ ತಳದಲ್ಲಿ ಉಳಿದಿದ್ದ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಗೀರುಗಳಿಗೆ ತುಂಬಿದವರು ಟೀಚರೇ. "ಅದ್ಯಾಕಮ್ಮಾ ಸುಮ್ನೆ ಕೂತಿರ್ಬೇಕು?" ಎಂದಿದ್ದರು. ಕುಂಕುಮದ ಬಗ್ಗೆ ಹಾಗೆಂದರೋ ನನ್ನ ಬಗ್ಗೆಯೋ, ನಾನು ಕೇಳಲಿಲ್ಲ.

ಆ ಬೇಸಿಗೆಯಲ್ಲೇ ಓನರಮ್ಮ ಕೋಣೆ ಖಾಲಿ ಮಾಡಿಸಿದರು. ಮಕ್ಕಳಿಗೆ ಇಲ್ಲದ್ದೆಲ್ಲ ಕಲಿಸುತ್ತಾಳೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದರು. ಅವರ ಶಾಸ್ತ್ರವನ್ನು ಯಾರೂ ಪ್ರಶ್ನಿಸಲಿಲ್ಲ, ಟೀಚರ್ ಮಾಡಿದ ನಿಯಮವನ್ನು ಮಾತ್ರ ಎಲ್ಲರೂ ಪ್ರಶ್ನಿಸಿದರು! ಆಟೋಗೆ ಸಾಮಾನು ಹಾಕಿದ ಮೇಲೆ ಟೀಚರ್ ಗೇಟಿನಲ್ಲಿ ನಿಂತು, "ಅಮ್ಮಾ, ನಂಗೆ ಆರತಿ ಇಲ್ವಾ?" ಎಂದರು. ನಾನು ಕೈಯಲ್ಲಿದ್ದ ಸ್ಟೀಲ್ ತಟ್ಟೆಯನ್ನೇ, ದೀಪವಿಲ್ಲದೆ, ಓನರಮ್ಮ ನೋಡುತ್ತಿದ್ದಂತೆಯೇ ಎತ್ತಿ ಬೆಳಗಿದೆ. ಟೀಚರ್ ನಕ್ಕು, ದಾಳವನ್ನು ತಟ್ಟೆಗೆ ಹಾಕಿ ಹೋದರು.

ನಾವು ಶಿವಮೊಗ್ಗಕ್ಕೆ ಬಂದ ಎಷ್ಟೋ ದಿನದ ಮೇಲೆ, ಭದ್ರಾವತಿ ಬಸ್ಸಿನಲ್ಲಿ ಜನ್ನಾಪುರದವರೊಬ್ಬರು ಸಿಕ್ಕರು. ಟೀಚರ್ ಇಲ್ಲವಂತೆ... ಜ್ವರ ಎಂದರು, ಆಮೇಲೆ ಇನ್ನೇನೋ ಎಂದರು. ನನಗೆ ಮುಂದಿನದು ಕೇಳಿಸಲಿಲ್ಲ. ನನ್ನ ಎರಡು ಅಲ್ಲಿಗೆ ಸಾಲಲಿಲ್ಲ.

ಅಂಥ ಎರಡನ್ನು ನೀವು ಬ್ಯಾಲೆನ್ಸ್ ಎಂದು ಹೊಡೆದುಹಾಕಿದಿರಿ. ಕತ್ತಿಯವರ ಬಲ ಇಳಿಸಿದಿರಾ? ಇಲ್ಲ. ಮಂತ್ರದವರಿಗೆ ಹೊಸದಾಗಿ ಬೆಂಕಿಯನ್ನೂ ಕೊಟ್ಟಿರಿ, ನಾನೇ ಕೇಳಿಸಿಕೊಂಡೆ. ಕೈಯಲ್ಲಿ ಒಂದು ತಟ್ಟೆ ಬಿಟ್ಟು ಬೇರೇನೂ ಇಲ್ಲದವಳ ಎರಡೇ ನಿಮ್ಮ ಕಣ್ಣಿಗೆ ಬಿತ್ತೇ?

ಈ ಭಾನುವಾರ ನಾನು ಹಾಲಿಗೆ ಬಂದು ಕೂರುತ್ತೇನೆ. ಭರಣಿಯ ದಾಳ ತರುತ್ತೇನೆ. ಆ ಎರಡನ್ನು ವಾಪಸ್ ಸೇರಿಸಿ. ಕೊಟ್ಟವರು ಇಲ್ಲ, ಕೇಳಲು ಉಳಿದವಳು ನಾನೊಬ್ಬಳೇ. ಯಾವ ಕ್ಲಾಸು ಎಂದು ನಿಮ್ಮ ಸ್ನೇಹಿತರು ಕೇಳಲಿ. ಸೆರಗು ನೋಡದೆ ಹೇಳುತ್ತೇನೆ.